ಖಾಲಿ ಮಾಡದ ಬಾಡಿಗೆದಾರ

ಮೂರಂತಸ್ತಿನ ಆ ಕಟ್ಟಡದ ಒಡತಿಯನ್ನು ಬೀದಿಯವರೆಲ್ಲ ಓನರಮ್ಮ ಎಂದೇ ಕರೆಯುತ್ತಿದ್ದರು. ಸಿಟ್ಟು ಬಂದಾಗ ಹೆತ್ತ ಮಗನೂ ಹಾಗೇ ಕರೆಯುತ್ತಿದ್ದ. ಬಾಡಿಗೆದಾರರನ್ನು ಎಬ್ಬಿಸುವುದರಲ್ಲಿ ಆಕೆಯದು ಎತ್ತಿದ ಕೈ. ಜಗಳವಿಲ್ಲ, ಕೋರ್ಟಿಲ್ಲ. ಒಳಗಿದ್ದವನು ತಲೆಗೆ ಸೋಪು ಹಚ್ಚಿಕೊಳ್ಳುವ ಹೊತ್ತು ನೋಡಿ ತಾರಸಿಯ ಮೇಲಿನ ವಾಲ್ವ್ ತಿರುಗಿಸಿ ನೀರು ನಿಲ್ಲಿಸಿಬಿಡುವುದು. ಕಣ್ಣುರಿ ತಾಳಲಾರದೆ ಅವನು ಕೆಲವೇ ದಿನಗಳಲ್ಲಿ ಗಂಟುಮೂಟೆ ಕಟ್ಟುತ್ತಿದ್ದ.

ಸೊಸೆ ಬಸುರಿಯಾದಾಗ ಮನೆಯವರೆಲ್ಲರ ರಕ್ತ ಪರೀಕ್ಷೆಯಾಯಿತು. ಉಳಿದವರಿಗೆ ಏನೂ ಇರಲಿಲ್ಲ. ಓನರಮ್ಮನ ಲಿವರಿನಲ್ಲಿ ಮಾತ್ರ ಹೆಪಟೈಟಿಸ್ ಬಿ ವೈರಸ್ ಎಷ್ಟೋ ವರ್ಷಗಳಿಂದ ತಳವೂರಿತ್ತು.

"ನನ್ನ ಕೇಳ್ದೆ ಒಳಗೆ ಸೇರ್ಕೊಂಡಿದ್ದಾನಾ? ಅದೂ ಅಡ್ವಾನ್ಸ್ ಕೊಡ್ದೆ?" ಎಂದು ಓನರಮ್ಮ ಕೆಂಡವಾದಳು.

ಡಾಕ್ಟರಮ್ಮ ನಗು ತಡೆದುಕೊಂಡರು. "ಸೋಂಕು ಹಿಡಿದ ಕೋಶಗಳನ್ನ ಹುಡುಕಿ ಹೊಡೆಯೋ ಬಿಳಿ ರಕ್ತಕಣಗಳು ಇರ್ತವೆ ಅಮ್ಮ. ನಿಮ್ಮ ಮೈಯ ವಾಚ್‌ಮನ್‌ಗಳು ಅಂದ್ಕೊಳ್ಳಿ. ವರ್ಷಗಟ್ಟಲೆ ಅದೇ ವೈರಸ್ ಜೊತೆ ಗುದ್ದಾಡಿ ಸುಸ್ತಾಗಿವೆ. ದಿನಾ ಈ ಮಾತ್ರೆ ತಗೊಳ್ಳಿ, ಅದು ಹೆಚ್ಚೋದಿಲ್ಲ."

"ಪೂರ್ತಿ ಖಾಲಿ ಮಾಡ್ತಾನಾ?"

"ಅದು ಅಪರೂಪ. ಹದ್ದುಬಸ್ತಿನಲ್ಲಿದ್ರೆ ಸಾಕು."

ಓನರಮ್ಮನಿಗೆ ಅದು ಸಾಲದು. ಮೊಮ್ಮಗು ಬರುವಷ್ಟರಲ್ಲಿ ಅವನು ಹೊರಗಿರಬೇಕು. ಅಂಥವನನ್ನು ಒಳಗಿಟ್ಟುಕೊಂಡು ಹಸುಗೂಸನ್ನು ಎತ್ತಿಕೊಳ್ಳುವುದು ಹೇಗೆ? ಕೇಳಿಬಿಡಬಹುದಿತ್ತು. ಆದರೆ ಡಾಕ್ಟರಮ್ಮ ಬೇಡವೆಂದುಬಿಟ್ಟರೆ? ಊರನ್ನೇ ಹೆದರಿಸಿದ ಹೆಂಗಸು ಆ ಒಂದು ಮಾತಿಗೆ ಹೆದರಿ ತುಟಿಪಿಟಕ್ಕೆನ್ನದೆ ಮನೆಗೆ ಬಂದಳು.

ಬಂದವಳು ತನಗೆ ಗೊತ್ತಿದ್ದ ದಾರಿಯನ್ನೇ ಹಿಡಿದಳು. ಬೆಳಗಿನ ತಿಂಡಿ ಬಿಟ್ಟಳು, ರಾತ್ರಿಯ ಊಟ ಬಿಟ್ಟಳು. ಮಾತ್ರೆಯನ್ನೂ ಬಿಟ್ಟಳು.

"ಅತ್ತೆ, ಮಾತ್ರೆ ಯಾಕೆ ಬಿಟ್ರಿ?" ಎಂದು ಸೊಸೆ ಗೋಗರೆದಳು.

"ಅದೂ ಒಳಗೇ ತಾನೇ ಹೋಗೋದು? ಅವನಿಗ್ಯಾಕೆ ಕೊಡ್ಲಿ? ನೀರು ನಿಲ್ಸಿದ್ರೆ ಎಂಥವನೂ ಜಾಗ ಖಾಲಿ ಮಾಡ್ತಾನೆ."

ಒಳಗಿನವನು ಜಪ್ಪಯ್ಯ ಎಂದರೂ ಕದಲಲಿಲ್ಲ. ಆ ಸಿಟ್ಟನ್ನು ಎರಡನೇ ಮಹಡಿಯಲ್ಲಿ ಬಾಡಿಗೆಗಿದ್ದ ಡ್ರೈವರ್ ಮೇಲೆ ತೀರಿಸಿಕೊಳ್ಳಲು ಒಂದು ಬೆಳಿಗ್ಗೆ ತಾರಸಿ ಹತ್ತಿದಳು. ವಾಲ್ವ್ ತಿರುಗಿಸಿದ್ದಷ್ಟೇ, ತಲೆ ತಿರುಗಿ ಟ್ಯಾಂಕಿನ ಬುಡದಲ್ಲಿ ಕುಸಿದಳು. ಟವೆಲ್ಲು ಸುತ್ತಿಕೊಂಡು, ತಲೆತುಂಬ ನೊರೆ ಹೊತ್ತು ಜಗಳಕ್ಕೆಂದು ಮೇಲೆ ಬಂದ ಡ್ರೈವರ್, ಕಣ್ಣು ಕಿರಿದು ಮಾಡಿಕೊಂಡೇ ಆಕೆಯನ್ನು ಎತ್ತಿ ಕೆಳಗಿಳಿಸಿದ. ಬೈಗುಳವನ್ನು ಮಾತ್ರ ಮೆಟ್ಟಿಲುದ್ದಕ್ಕೂ ಒಂದೂ ಬಿಡದೆ ಬೈದ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ತಲೆ ಚಚ್ಚಿಕೊಂಡರು. "ನೀವು ಉಪವಾಸ ಕೆಡವಿದ್ದು ಬಾಡಿಗೆದಾರನನ್ನಲ್ಲ, ವಾಚ್‌ಮನ್‌ಗಳನ್ನ! ಮಾತ್ರೆ ನಿಂತಿದ್ದಕ್ಕೆ ಅವನು ಇನ್ನೂ ಬೆಳೆದಿದ್ದಾನೆ. ಯಾಕಮ್ಮಾ ಈ ಹಟ?"

ಓನರಮ್ಮನ ಕಣ್ಣು ತುಂಬಿ ಬಂತು. "ಮಗೂನ ಎತ್ಕೋಬೇಕಿತ್ತು."

ಡಾಕ್ಟರಮ್ಮ ಮಂಚದ ಅಂಚಿನಲ್ಲಿ ಕುಳಿತರು. "ಎತ್ಕೊಂಡ್ರೆ ಬರಲ್ಲ, ಮುದ್ದಾಡಿದ್ರೂ ಬರಲ್ಲ. ನಿಮ್ಮ ರಕ್ತ ತಾಗದ ಹಾಗೆ ನೋಡ್ಕೊಂಡ್ರೆ ಆಯ್ತು. ಮಗೂಗೆ ಹುಟ್ಟಿದ ದಿನಾನೇ ಲಸಿಕೆ ಹಾಕ್ತೀವಿ."

"ಅವನು ಒಳಗಿದ್ರೂ?"

"ಒಳಗಿದ್ರೂ."

"ಇದನ್ನ ಮೊದಲೇ ಹೇಳಬಾರ್ದಿತ್ತಾ?"

"ನೀವು ಮೊದಲೇ ಕೇಳಬಾರ್ದಿತ್ತಾ?"

ಹೆಣ್ಣು ಮಗು ಹುಟ್ಟಿತು. ಮನೆಗೆ ಬಂದ ದಿನ ಸೊಸೆ ಕೂಸನ್ನು ತಂದು ಅತ್ತೆಯ ಮಡಿಲಿಗಿಟ್ಟಳು. ಓನರಮ್ಮ ಅಂದು ಹೊಟ್ಟೆತುಂಬ ಉಂಡಿದ್ದಳು, ಮಾತ್ರೆಯನ್ನೂ ನುಂಗಿದ್ದಳು. ಮೇಲಿನ ಮನೆಯಲ್ಲಿ ಡ್ರೈವರ್ ಹಾಡಿಕೊಂಡು ಸ್ನಾನ ಮಾಡುತ್ತಿದ್ದ, ನಲ್ಲಿಯ ನೀರು ಧಾರಾಳವಾಗಿ ಸುರಿಯುತ್ತಿತ್ತು. ಕೂಸು ಅಜ್ಜಿಯ ಬಲ ಪಕ್ಕೆಗೆ ತಲೆಯಾನಿಸಿ ನಿದ್ದೆಹೋಯಿತು.

ಓನರಮ್ಮ ಕತ್ತು ಬಗ್ಗಿಸಿ ತನ್ನ ಪಕ್ಕೆಗೇ ಮೆಲ್ಲಗೆ ಹೇಳಿದಳು: "ನೋಡಪ್ಪಾ, ಇರೋದಾದ್ರೆ ಇರು. ಸದ್ದು ಮಾಡ್ಬೇಡ. ಕೂಸು ಮಲಗಿದೆ."