ಭಾವನ ಉತ್ತರ ಬರೆದುಕೊಂಡೆ

2016ರ ಬರಗಾಲದಲ್ಲಿ ನಾನು ಭಾಲ್ಕಿ ತಾಲ್ಲೂಕಿನಲ್ಲಿ ಹಿರಿಯ ಆರೋಗ್ಯ ಸಹಾಯಕನಾಗಿದ್ದೆ. ಎಸ್ಸೆಸ್ಸೆಲ್ಸಿ ಓದಿ ಕೆಲಸಕ್ಕೆ ಸೇರಿದವನು. ಆ ಬೇಸಿಗೆ ಬೀದರ್‌ನಲ್ಲಿ ನಮಗೆ ಮೂರು ದಿನ ಅಡ್ವಾನ್ಸ್ ಕೇರ್ ಪ್ಲ್ಯಾನಿಂಗ್ ತರಬೇತಿ ಕೊಟ್ಟರು. ಗುಣವಾಗದ ಕಾಯಿಲೆಯವರ ಜೊತೆ, ಅವರಿಗೆ ಮಾತಾಡುವ ಶಕ್ತಿ ಇರುವಾಗಲೇ ಕೂತು, ಕೊನೆಯ ದಿನಗಳನ್ನು ಎಲ್ಲಿ ಕಳೆಯುತ್ತೀರಿ, ಯಾವ ಚಿಕಿತ್ಸೆ ಬೇಡ, ಮಾತು ನಿಂತ ಮೇಲೆ ನಿಮ್ಮ ಪರವಾಗಿ ಯಾರು ಹೇಳಬೇಕು ಎಂದು ಕೇಳಿ ಫಾರ್ಮ್‌ನಲ್ಲಿ ಬರೆದುಕೊಳ್ಳುವ ಕೆಲಸವದು. ಆ ವರ್ಷ ಊರೂರಿನ ಮಕ್ಕಳು ಪುಣೆ, ಹೈದರಾಬಾದ್‌ಗೆ ದುಡಿಯಲು ಹೋಗಿದ್ದರು. ಉಳಿದವರೇ ಎಲ್ಲವನ್ನೂ ತೀರ್ಮಾನಿಸುತ್ತಿದ್ದರು.

ಮಾತಿನಲ್ಲಿ ಚುರುಕು ಎಂದು ಔರಾದ್ ಕಡೆಯ ನಾಲ್ವರು ನರ್ಸ್‌ಗಳಿಗೆ ಕಲಿಸುವ ಕೆಲಸ ನನಗೆ ಬಂತು. ಮಾಡಿ ತೋರಿಸಲು ಅವರನ್ನು ಸುಂದರಬಾಯಿಯ ಮನೆಗೆ ಕರೆದೊಯ್ದೆ. ಆಕೆಗೆ ಗರ್ಭಕೋಶದ ಕ್ಯಾನ್ಸರ್. ಗಂಡ ತೀರಿಹೋಗಿದ್ದ. ಒಬ್ಬಳೇ ಮಗಳು ಪುಣೆಯಲ್ಲಿ ಕಟ್ಟಡ ಕೆಲಸದಲ್ಲಿದ್ದಳು. ಗಂಡನ ಅಣ್ಣ ನಮ್ಮನ್ನು ಹೊರಸಿನ ಮೇಲೆ ಕೂರಿಸಿ ತಾನೂ ಕೂತ. ಆಕೆ ಸೆರಗು ಹೊದ್ದು ಬಾಗಿಲ ಮರೆಗೆ ನಿಂತಳು. ನಾನು ಕೇಳಿದ್ದಕ್ಕೆಲ್ಲ ಅವನೇ ಉತ್ತರಿಸಿದ: ಇಲ್ಲೇ ಇರುತ್ತಾಳೆ, ಎಲ್ಲಿಗೂ ಕಳಿಸುವುದಿಲ್ಲ, ಏನಿದ್ದರೂ ನನ್ನನ್ನು ಕೇಳಿ. ಹಾಗೆಯೇ ಬರೆದು ಸಹಿ ಹಾಕಿದೆ.

ಹೊರಗೆ ಬಂದಾಗ ಕಿರಿಯ ನರ್ಸ್, "ಸರ್, ಆಕಿ ಏನೂ ಅಂದಿಲ್ಲರಿ" ಎಂದಳು.

"ಭಾವನ ಮುಂದ ಮಾತಾಡ್ತಾಳೇನವಾ? ಸುಮ್ನಿದ್ದಳಂದ್ರ ಒಪ್ಪಿದಂಗ."

"ಹಂಗಿದ್ರ ರೋಗಿ ಹೆಸರಿನ ಜಾಗದಾಗೂ ಭಾವನ ಹೆಸರೇ ಬರೀರಿ."

ಉಳಿದವರು ನಕ್ಕರು. ನನಗೆ ಅವಮಾನವಾಯಿತು.

ಮರುವಾರ ಭಾವ ಸಂತೆಗೆ ಹೋದ ದಿನ ಆ ನರ್ಸ್ ಒಬ್ಬಳೇ ಹೋಗಿ, ಸುಂದರಬಾಯಿಯ ಪಕ್ಕ ಕೂತು ತೊಗರಿ ಆರಿಸುತ್ತ ಮಾತಾಡಿ, ಇನ್ನೊಂದು ಫಾರ್ಮ್ ತಂದಳು. ಅದರಲ್ಲಿ ಆಕೆಯ ಮಾತು ಹಾಗೇ ಇತ್ತು: "ಮಗಳ ಹತ್ರ ಹೋಗ್ತೇನಿ. ತಗಡಿನ ಶೆಡ್ಡಾದ್ರೂ ನಡೀತದ."

ಒಬ್ಬ ರೋಗಿಗೆ ಒಂದೇ ಫಾರ್ಮ್ ಎಂದು ಹೇಳಿ ಅದನ್ನು ಡ್ರಾಯರ್‌ಗೆ ಹಾಕಿದೆ. ಅಂಥ ನಿಯಮವೇನೂ ಇರಲಿಲ್ಲ. ನನ್ನ ತಪ್ಪು ಮೇಲಿನವರಿಗೆ ಗೊತ್ತಾಗಬಾರದು ಎಂದಿತ್ತು, ಅಷ್ಟೇ.

ಎರಡು ತಿಂಗಳಿಗೆ ಸುಂದರಬಾಯಿ ಭಾವನ ಮನೆಯಲ್ಲೇ ತೀರಿಕೊಂಡಳು. ಅವನು ಕೆಟ್ಟವನಲ್ಲ, ಟ್ಯಾಂಕರ್ ನೀರಿಗೆ ಪಾಳಿ ನಿಂತು ಬಂದು, ಹೊತ್ತಿಗೆ ಸರಿಯಾಗಿ ಅವಳಿಗೆ ಗುಳಿಗೆ ಕೊಡಿಸುತ್ತಿದ್ದ. ಮಗಳು ಕರೆದೊಯ್ಯುತ್ತೇನೆಂದು ಎರಡು ಸಲ ಫೋನ್ ಮಾಡಿದಾಗ, ನಿಮ್ಮವ್ವನೇ ಒಪ್ಪಿದ್ದಾಳೆ, ಸರ್ಕಾರದವರು ಬರೆದುಕೊಂಡು ಹೋಗಿದ್ದಾರೆ ಎಂದನಂತೆ. ಅವನು ಅದನ್ನು ನಂಬಿದ್ದ. ಮಗಳೂ ನಂಬಿದಳು.

ಮಣ್ಣು ಮುಗಿಸಿ ಮಗಳು ನನ್ನ ಹತ್ತಿರ ಬಂದಳು. "ಕಾಕಾ, ಅವ್ವ ನನ್ನ ಹತ್ರ ಬರ್ತೇನಿ ಅಂತ ಒಮ್ಮಿಯಾದ್ರೂ ಅಂದಿದ್ಲೇನ್ರಿ?"

"ನನ್ನ ಮುಂದ ಏನೂ ಅಂದಿಲ್ಲ ನೋಡವಾ" ಎಂದೆ. ನಾನು ಆಕೆಯನ್ನು ಕೇಳಿರಲೇ ಇಲ್ಲ.

ಆಮೇಲಿನ ತರಬೇತಿಗಳಲ್ಲಿ, ಮನೆಯವರನ್ನು ಹೊರಗೆ ಕಳಿಸಿ ರೋಗಿಯನ್ನೇ ಕೇಳಿ, ಅವರ ಮನಸ್ಸು ಬದಲಾದರೆ ಫಾರ್ಮ್ ಹರಿದು ಬೇರೆ ಬರೆಯಿರಿ ಎಂದು ಕಲಿಸಿದೆ. ಯಾಕೆ ಎಂದು ಕೇಳಿದವರಿಗೆ ನಿಯಮ ಹಾಗಿದೆ ಎಂದೆ. ಆ ಮಗಳು ಇದನ್ನು ಓದಿದರೆ ಗೊತ್ತಾಗಲಿ: ನಿಮ್ಮವ್ವ ಬರುತ್ತೇನೆ ಎಂದಿದ್ದಳು. ತಡೆದವನು ನಾನು.