ಆರು ಪ್ಲೇಟು, ಒಂದು ಪುಸ್ತಕ

ಕೇಳಿ ಗೆಳೆಯರೇ, ಇಂದು ಬೆಳಿಗ್ಗೆ ಹೊಸಪೇಟೆಯ ನಮ್ಮ ಮನೆಗೆ ಪೊಲೀಸ್ ದಫೇದಾರರು ಬಂದರು. ಕಂಪ್ಲಿಯ ಗೆಳೆಯ ವೀರಣ್ಣನಿಗೆ ನಾನು ಬರೆದ ಕಾರ್ಡು ಅವರ ಕೈಯಲ್ಲಿತ್ತು.

"ಆರು ಪ್ಲೇಟು ಸಿಕ್ಕಾವ, ಪುಸ್ತಕ ಜಲ್ದಿ ಕಳಿಸು ಅಂತ ಬರ್ದೀರಿ. ಎಲ್ಲಿ ಹಳಿ ಬಿಚ್ಚೀರಿ?"

ಸ್ವಾತಂತ್ರ್ಯ ಚಳವಳಿಯವರು ರೈಲು ಹಳಿ ಜೋಡಿಸುವ ಕಬ್ಬಿಣದ ಪ್ಲೇಟು ಕಿತ್ತು ಜೈಲು ಸೇರುತ್ತಿರುವ ಕಾಲವಿದು. ನನ್ನವು ಗ್ರಾಮಫೋನಿನ ಪ್ಲೇಟು, ಅಮೆರಿಕದ ಜಾಝ್ ಸಂಗೀತದವು. ಸಂಡೂರಿನ ಗಣಿ ಸಾಹೇಬರ ಸಾಮಾನಿನ ಹರಾಜಿನಲ್ಲಿ ಪ್ಲೇಟಿನ ಪೆಟ್ಟಿಗೆ ನನಗೆ ಬಂತು. ಪ್ಲೇಟಿನ ಮೇಲೆ ತಂಡದ ಹೆಸರಷ್ಟೇ ಇದೆ; ಯಾರು ಏನು ನುಡಿಸಿದ್ದಾರೆಂದು ತಿಳಿಸುವ ಅದರ ಪುಸ್ತಕ ರದ್ದಿಯೊಂದಿಗೆ ವೀರಣ್ಣನಿಗೆ ಹೋಯಿತು.

"ಆ ಪುಸ್ತಕ ನೋಡಿದ್ರ ನಿಮಗ ಗೊತ್ತಾಗ್ತೈತ್ರಿ" ಎಂದೆ.

"ಕಂಪ್ಲ್ಯಾಗ ನಮ್ಮನ್ನ ನೋಡಿದ್ದ ತಡ, ವೀರಣ್ಣ ಹೆದರಿ ಅದನ್ನ ಒಲಿಗೆ ಹಾಕ್ಯಾನ."

ಅವರ ಸೊಂಟದ ಬೇಡಿಯ ಮೇಲೇ ಕಣ್ಣಿಟ್ಟು, ಒಂದು ಪ್ಲೇಟು ಹಚ್ಚಿದೆ. ತುತ್ತೂರಿ ಅರಚಿತು, ನಗಾರಿ ಗುಡುಗಿತು. ದಫೇದಾರರು ಕೊನೆತನಕ ಕೇಳಿದರು.

"ಹಳಿ ಬಿಚ್ಚಿದ್ರೂ ಇಷ್ಟು ಸಪ್ಪಳ ಆಗಂಗಿಲ್ಲ ಬಿಡ್ರಿ" ಎಂದು ಕಾರ್ಡು ಕೊಟ್ಟು ಹೋದರು.

ಜೈಲು ತಪ್ಪಿತು. ಆ ತುತ್ತೂರಿ ಊದಿದ ಪುಣ್ಯಾತ್ಮನ ಹೆಸರು ಮಾತ್ರ ಇನ್ನು ವೀರಣ್ಣನ ಒಲೆಗೇ ಗೊತ್ತು.