ಮೇಲಿನ ಹಂತದ ಎಂಜಿನ್ ಮತ್ತು ನನ್ನ ಬಾಣಂತನ

ಅಣ್ಣನ ಮೇಲಿನ ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಇಳಿಯುವುದೂ ಬೇಡ.

ನಾವು ಕಟ್ಟಿದ ರಾಕೆಟ್ ಮೊದಲ ಸಲ ಹಾರಿದ ಬೆಳಿಗ್ಗೆ ನಾನು ಕೊಟ್ಟೂರಿನ ತವರುಮನೆಯಲ್ಲಿ ಹಸಿ ಬಾಣಂತಿ. ಕಿವಿಗೆ ಹತ್ತಿ, ತಲೆಗೆ ಬಿಗಿದ ಬಟ್ಟೆ. ಕಣ್ಣಿಗೆ ಆಯಾಸವಾಗಬಾರದೆಂದು ಅವ್ವ ನನ್ನ ಫೋನನ್ನು ಅಲಮಾರಿಯಲ್ಲಿಟ್ಟು ಬೀಗ ಹಾಕಿದ್ದಳು. ಗೋಗರೆದ ಮೇಲೆ, ಕೋಣೆಯ ಹೊಸ್ತಿಲಲ್ಲಿ ಕೂತು ಟಿವಿ ನೋಡಲು ಬಿಟ್ಟರು.

ನಮ್ಮ ತಂಡದ್ದು ರಾಕೆಟ್ಟಿನ ಮೇಲಿನ ಹಂತದ ಎಂಜಿನ್. ನೆಲ ಬಿಟ್ಟು ಏಳುವಾಗ ಅದಕ್ಕೆ ಕೆಲಸವೇ ಇಲ್ಲ. ಕೆಳಗಿನ ಹಂತಗಳು ಉರಿದು ಕಳಚಿ ಬಿದ್ದ ಮೇಲೆ ಅದರ ಸರದಿ. ಅಲ್ಲಿ ತೂಕವಿಲ್ಲದ್ದರಿಂದ ದ್ರವ ಇಂಧನ ತೊಟ್ಟಿಯೊಳಗೆ ಎಲ್ಲೆಂದರಲ್ಲಿ ತೇಲುತ್ತದೆ. ಅದನ್ನು ತಳಕ್ಕೆ ಕೂರಿಸಿ ಆಮೇಲೆ ಎಂಜಿನ್ ಹೊತ್ತಿಸಬೇಕು. ಆ ಕೂರಿಸುವ ಕೆಲಸ ನನ್ನದು. ನೆಲದ ಮೇಲೆ ನಡೆಸಿದ ಪರೀಕ್ಷೆಗಳಲ್ಲಿ ಎಂಜಿನ್ ಚೆನ್ನಾಗಿಯೇ ಉರಿದಿತ್ತು, ಆದರೆ ಆ ತೂಕವಿಲ್ಲದ ಜಾಗವನ್ನು ನೆಲದ ಮೇಲೆ ಎಲ್ಲಿಂದ ತರುವುದು? ನಾನು ಮಾಡಿದ್ದು ಸರಿಯೋ ತಪ್ಪೋ ಅವತ್ತೇ ಗೊತ್ತಾಗಬೇಕಿತ್ತು.

ರಾಕೆಟ್ ಎದ್ದಿತು. ನೋಡಲು ಬಂದು ಕೂತಿದ್ದ ಓಣಿಯ ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಅಣ್ಣ ಟಿವಿ ಆರಿಸಿ, ರಿಮೋಟನ್ನು ಜೇಬಿಗಿಳಿಸಿ, ಮಂಡಕ್ಕಿ ಮಿರ್ಚಿ ಹಂಚಲು ಎದ್ದ.

“ಅಣ್ಣಾ, ಟಿವಿ ಹಚ್ಚು!”

“ಹೋತಲ್ಲವಾ ಮ್ಯಾಲೆ! ಇನ್ನೇನೈತಿ ನೋಡಾದು?”

“ನನ್ನ ಎಂಜಿನ್ ಇನ್ನೂ ಹತ್ತಿಲ್ಲೋ!” ಎಂದು ಕಿರುಚಿದೆ.

ಅವ್ವ ಓಡಿ ಬಂದಳು. “ಬಾಣಂತಿ ಹಿಂಗ ಒದರಬಾರ್ದವಾ, ಸನ್ನಿ ಹಿಡಿತೈತಿ” ಎನ್ನುತ್ತ ನನ್ನನ್ನು ಒಳಗೆ ತಳ್ಳಿ ಹೊರಗಿನಿಂದ ಚಿಲಕ ಹಾಕಿಬಿಟ್ಟಳು. ನಾನು ಏನು ಹೇಳಿದರೂ ಅದು ಸನ್ನಿಯ ಮಾತು! ಮೈಯೆಲ್ಲ ಉರಿದುಹೋಯಿತು. ತಲೆಯ ಬಟ್ಟೆ ಕಿತ್ತೆಸೆದು ಬಾಗಿಲು ದಬದಬ ಬಡಿದೆ. ಕೂಸು ಎದ್ದು ಅತ್ತಿತು. ಅದರ ಅಳು ಕೇಳಿ ಚಿಲಕ ತೆಗೆದರು, ನನ್ನ ಕೂಗಿಗಲ್ಲ. ನೆಟ್ಟಗೆ ಹೋಗಿ ಅಣ್ಣನ ಜೇಬಿಗೇ ಕೈ ಹಾಕಿ ರಿಮೋಟ್ ಕಸಿದುಕೊಂಡೆ.

ಟಿವಿಯಲ್ಲಿ ನನ್ನ ಜೊತೆಯವರು ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದರು. ಎಂಜಿನ್ ಹೊತ್ತಿಕೊಂಡಾಗಿತ್ತು.

“ಹತ್ತೇತಲ್ಲ, ಮತ್ಯಾಕ ಸಿಟ್ಟು?” ಅಂದ ಅಣ್ಣ, ಮಿರ್ಚಿ ಕಡಿಯುತ್ತ.

ಎಂಜಿನ್ ಹೊತ್ತಿದ್ದನ್ನು ಆಮೇಲೆ ಫೋನಿನಲ್ಲಿ ಎಷ್ಟೋ ಸಲ ನೋಡಿದ್ದೇನೆ. ಆದರೆ ಹೊತ್ತುತ್ತದೋ ಇಲ್ಲವೋ ಗೊತ್ತಿಲ್ಲದೆ, ಉಸಿರು ಬಿಗಿಹಿಡಿದು ನೋಡುವ ಗಳಿಗೆ ಒಂದೇ ಇತ್ತು. ಮನೆಗೆ ಬಂದವರಿಗೆಲ್ಲ ಅಣ್ಣ ಈಗಲೂ ಹೇಳುತ್ತಾನೆ, “ನಮ್ಮ ತಂಗಿ ರಾಕೆಟ್ಟು ಮ್ಯಾಲೆ ಹೋಗಾದು ನಾವೆಲ್ಲ ಕೂಡೇ ನೋಡಿದ್ವಿ.”

ಮೇಲೆ ಹೋಗಿದ್ದನ್ನು ನೋಡಿದ್ದು ನಿಜ. ನನ್ನ ಎಂಜಿನ್ ಹೊತ್ತಿದಾಗ ನಾನು ಬಾಗಿಲು ಬಡಿಯುತ್ತಿದ್ದೆ.